ಹಳೇ ಜೈಲಿನ ನೆರಳಿಂದ

ಚಿಕ್ಕಪೇಟೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಹನಿ ಚೆಲ್ಲದೆ ತಲುಪಿತು. ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯೊಳಗೆ ನೀನು ಸಿಕ್ಕಿಸಿದ್ದ ಚೀಟಿಯೂ ತಲುಪಿತು. "ನಿಮ್ಮ ಪೇಟೆಯಲ್ಲಿ ಮರ ಅಂತ ಒಂದಾದರೂ ಉಳಿದಿದೆಯೇನೋ?" ಶಿರಸಿ ಸೇರಿದ ಮೇಲೆ ಹುಟ್ಟಿದ ಓಣಿ ನಿನಗೆ 'ನಿಮ್ಮ ಪೇಟೆ' ಆಗಿಹೋಯಿತು. ಇರಲಿ. ಉತ್ತರ ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಪೇಟೆಯೊಳಗೆ ಮರ ಇಲ್ಲ, ಒಪ್ಪಿದೆ. ಗುಡಿಯ ಮುಂದಿನ ಅರಳಿ, ಯಾರದೋ ತಾರಸಿಯ ಡಬ್ಬದಲ್ಲಿ ತುಳಸಿ, ಅಷ್ಟೇ. ಆದರೆ ಆರು ತಿಂಗಳಿಂದ ದಿನಾ ಬೆಳಿಗ್ಗೆ ನಾನು ಮರದ ಕೆಳಗೆ ಕೂತು ಬರುತ್ತಿದ್ದೇನೆ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ನಡೆಯಲು ಹೇಳಿದರಲ್ಲ, ಅಂಗಡಿ ಬಾಗಿಲು ತೆಗೆಯುವ ಮೊದಲು ಅವೆನ್ಯೂ ರಸ್ತೆ ಹಿಡಿದು ಹೊರಡುತ್ತೇನೆ. (ಅಜ್ಜ ಸಾಯುವ ತನಕ ಅದನ್ನು ದೊಡ್ಡಪೇಟೆ ಅಂತಲೇ ಕರೆದ.) ಆ ಹೊತ್ತಿಗೆ ಪುಸ್ತಕದಂಗಡಿಗಳ ಷಟರು ಇನ್ನೂ ಎತ್ತಿರುವುದಿಲ್ಲ, ಹಮಾಲರು ಕೈಗಾಡಿಯ ಮೇಲೇ ಕೂತು ಟೀ ಕುಡಿಯುತ್ತಿರುತ್ತಾರೆ. ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ 1942ರಲ್ಲಿ ಗುಂಡಿಗೆ ಬಿದ್ದವರ ಸ್ಮಾರಕ ಇದೆಯಲ್ಲ, ಅದನ್ನು ದಾಟಿ ಶೇಷಾದ್ರಿ ರಸ್ತೆಗೆ ತಿರುಗಿದರೆ ಬಂತು. ಎಲ್ಲಿಗೆ ಅಂತ ಗೊತ್ತಾಯಿತೇ? ಜೈಲಿಗೆ.

ಹೌದು, ಅದೇ ಸೆಂಟ್ರಲ್ ಜೈಲು. ಈಗ ಫ್ರೀಡಂ ಪಾರ್ಕು.

ಶೇಷಾದ್ರಿಪುರದ ಅತ್ತೆಯ ಮನೆಗೆ ಹೋಗುವಾಗ ಆ ಗೋಡೆ ಎಷ್ಟು ಉದ್ದ ಅನ್ನಿಸುತ್ತಿತ್ತು, ನೆನಪಿದೆಯಾ? ನೀನು ಕಲ್ಲಿಂದ ಕಲ್ಲಿಗೆ ಬೆರಳು ಎಳೆಯುತ್ತ ಎಣಿಸಿಕೊಂಡು ಬರುತ್ತಿದ್ದೆ. ಆಮೇಲೆ ಒಂದು ವರ್ಷ ಅಪ್ಪ ಇದ್ದಕ್ಕಿದ್ದಂತೆ ಆ ದಾರಿ ಬಿಟ್ಟ. ಮೆಜೆಸ್ಟಿಕ್ ಸುತ್ತಿ, ಗಾಂಧಿನಗರದ ಸಿನಿಮಾ ಪೋಸ್ಟರುಗಳ ನಡುವೆ ನಮ್ಮನ್ನು ಎಳೆದುಕೊಂಡು ಹೋಗುತ್ತಿದ್ದ. ನನಗೆ ಎಂಟು ವರ್ಷ, ಪೋಸ್ಟರು ನೋಡುವ ಖುಷಿ. ಏಕೆ ಅಂತ ನಾನು ಕೇಳಲಿಲ್ಲ. ನೀನು ಕೇಳಿ ಬೈಸಿಕೊಂಡೆ.

ಅದು 1975, ತುರ್ತುಪರಿಸ್ಥಿತಿಯ ವರ್ಷ. ಜೂನ್ 26ರ ಬೆಳಿಗ್ಗೆ ವಾಜಪೇಯಿ, ಅಡ್ವಾಣಿ ಇಬ್ಬರನ್ನೂ ಇದೇ ಊರಲ್ಲಿ ಹಿಡಿದದ್ದು. ಸಂಸತ್ತಿನ ಸಮಿತಿಯ ಸಭೆಗೆ ಬಂದಿದ್ದರು, ಕರೆದೊಯ್ದು ಇರಿಸಿದ್ದು ಆ ಗೋಡೆಯ ಹಿಂದೆ. ಮಧು ದಂಡವತೆ ಅಲ್ಲಿದ್ದರು. ನಮ್ಮ ದೇವೇಗೌಡರೂ ಇದ್ದರು. ಅಪ್ಪನ ಪ್ರೆಸ್ಸಿಗೆ ಒಂದು ರಾತ್ರಿ ಯಾರೋ ಕರಪತ್ರ ಅಚ್ಚು ಹಾಕಿಕೊಡಿ ಅಂತ ಬಂದರಂತೆ. ಅಪ್ಪ ಅರ್ಧ ಪುಟ ಮೊಳೆ ಜೋಡಿಸಿದ. ಆಮೇಲೆ ಮನೆಯಲ್ಲಿ ಮಲಗಿದ್ದ ನಾವಿಬ್ಬರು ನೆನಪಾಗಿ, ಒಂದೊಂದೇ ಮೊಳೆ ಬಿಡಿಸಿ ಕೇಸಿನ ಗೂಡಿಗೆ ವಾಪಸ್ಸು ಹಾಕಿಬಿಟ್ಟ. ಅಮ್ಮ ಕಡೆಗಾಲದಲ್ಲಿ ಹೇಳಿದಳು, ನಿನಗೆ ಹೇಳಬೇಡ ಅಂತಲೂ ಅಂದಳು. ಈಗ ಇಬ್ಬರೂ ಇಲ್ಲ, ಹೇಳಿದ್ದೇನೆ. ಅಪ್ಪ ಹೆದರಿದ್ದು ಪೊಲೀಸರಿಗೋ, ಆ ಗೋಡೆ ಕಂಡಾಗ ನೆನಪಾಗುತ್ತಿದ್ದ ತನ್ನ ಬೆರಳುಗಳಿಗೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಆ ಗೋಡೆಯೊಳಗೆ ನಾನು ಮೊದಲ ಸಲ ಕಾಲಿಟ್ಟಾಗ, ನಿಜ ಹೇಳುತ್ತೇನೆ, ಹಿಂದೆ ತಿರುಗಿ ನೋಡಿದೆ. ಒಳಗೆ ವಾಕಿಂಗ್ ಷೂ ಹಾಕಿದ ಮುದುಕರು ಕೈಬೀಸಿಕೊಂಡು ಸುತ್ತುತ್ತಿದ್ದರು. 1860ರ ದಶಕದಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಜೈಲು ಅದು. ನಡುವೆ ಕಾವಲು ಗೋಪುರ, ಅಲ್ಲಿ ನಿಂತವನ ಕಣ್ಣು ಸುತ್ತಲ ಬ್ಯಾರಕ್ಕುಗಳಿಗೆಲ್ಲ ಬೀಳಬೇಕು, ಹಾಗೆ. 2000ದ ಹೊತ್ತಿಗೆ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಜಾಗ ಹಾಳುಬಿದ್ದಿತ್ತು. ಊರ ನಟ್ಟನಡುವೆ ಸುಮಾರು 21 ಎಕರೆ! ನಮ್ಮ ಸೀರೆ ಅಂಗಡಿಯ ಯಜಮಾನರು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದರು: ಒಂಬತ್ತು ಲಕ್ಷ ಚದರಡಿಗೂ ಮೇಲೆ. "ಒಂದು ಸೀರೆ ಮಾರ್ಕೆಟ್ಟು ಎದ್ದಿದ್ರೆ ಏನ್ ಸ್ವಾಮಿ!" ಅಂತ ಆಮೇಲೆ ಎಷ್ಟೋ ಹೊತ್ತು ಸುಮ್ಮನಿದ್ದರು. ಜರಿಯನ್ನು ಗ್ರಾಮಿನಲ್ಲಿ ತೂಗುವ ಮನುಷ್ಯ, ಅವರ ಸಂಕಟ ಸುಳ್ಳಲ್ಲ.

ಮಾರ್ಕೆಟ್ಟು ಏಳಲಿಲ್ಲ. ಸ್ಪರ್ಧೆ ಕರೆದು, ಮ್ಯಾಥ್ಯೂ ಅಂಡ್ ಘೋಷ್ ಅನ್ನುವ ಇಲ್ಲಿನ ವಾಸ್ತುಶಿಲ್ಪಿಗಳ ನಕ್ಷೆಯಂತೆ ಕಟ್ಟಿ 2008ರಲ್ಲಿ ತೆರೆದರು. ನನಗೆ ಹಿಡಿಸಿದ್ದು ಇದು: ಜೈಲನ್ನು ಅವರು ಅಳಿಸಿಹಾಕಲಿಲ್ಲ. ಗೋಪುರ ನಿಂತಿದೆ, ಗೋಡೆ ಉಳಿದಿದೆ, ಹಳೆಯ ಮರಗಳಿವೆ. ಎಲ್ಲ ಕೆಡವಿ ಕಾರಂಜಿ, ಸಿಮೆಂಟಿನ ಜಿಂಕೆ ಇಟ್ಟಿದ್ದರೆ ನಾನು ಎರಡನೇ ದಿನ ಹೋಗುತ್ತಿರಲಿಲ್ಲ. ನಮ್ಮ ಊರಿಗೆ ಅಳಿಸುವುದೇ ರೂಢಿ ಕಣಕ್ಕಾ. ಪೇಟೆಗೆಲ್ಲ ನೀರು ಕೊಟ್ಟ ಧರ್ಮಾಂಬುಧಿ ಕೆರೆಯ ಮೇಲೆ ನೀನು ಶಿರಸಿ ಬಸ್ಸು ಹತ್ತುತ್ತೀಯ. ಸಿದ್ದಿಕಟ್ಟೆ ಕೆರೆಯ ಮೇಲೆ ಹೂವು ತರಕಾರಿ ಕೊಳ್ಳುತ್ತೇವೆ. ಸಂಪಂಗಿ ಕೆರೆಯಲ್ಲಿ ಹುಡುಗರು ಓಟದ ಪಂದ್ಯ ಓಡುತ್ತಾರೆ. ಕೆರೆ ಮುಚ್ಚಿ ನೆಲ ಮಾಡಿದ ಊರು, ಒಂದು ಸಲ ಜೈಲು ತೆರೆದು ತೋಟ ಮಾಡಿದೆ.

ಆದರೆ ಅಲ್ಲಿ ಕೂತರೆ ಎಲ್ಲ ಹೊತ್ತೂ ತಂಪು ಅನ್ನಿಸುವುದಿಲ್ಲ. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, 1976ರಲ್ಲಿ ಎಂಟು ತಿಂಗಳು ಇಲ್ಲಿದ್ದರು. ಉಬ್ಬಸದ ಜೀವ. ರಾತ್ರಿ ಅವರ ಕೂಗು ತಮ್ಮ ಕೋಣೆಗೆ ಕೇಳುತ್ತಿತ್ತು ಅಂತ ದಂಡವತೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ಒಂದು ದಿನ ನಾನು ಬೆಂಚಿನ ಮೇಲೆ ಕೂತು ಪ್ರಾಣಾಯಾಮ ಮಾಡುವವರನ್ನು ನೋಡುತ್ತಿದ್ದೆ. ಮೂಗು ಮುಚ್ಚಿ, ಎಣಿಸಿ, ಉಸಿರು ಬಿಡುತ್ತಿದ್ದಾರೆ. ಆಕೆ ನೆನಪಾದರು. ಅವತ್ತು ಬೇಗ ಎದ್ದುಬಂದೆ.

ಇನ್ನೊಂದು ಮಾತು, ನೀನು ಸಿಟ್ಟಾಗುತ್ತೀಯ, ಆಗು. ಪಾರ್ಕು ಮಾಡುವಾಗಲೇ ಒಂದು ಭಾಗವನ್ನು ಸಭೆ, ಧರಣಿಗೆ ಅಂತ ಬಿಟ್ಟಿದ್ದರು. ಚೆಂದದ ಯೋಚನೆ. ಈಗ ಊರಲ್ಲಿ ಯಾರೇ ಪ್ರತಿಭಟಿಸಲಿ, ಇಲ್ಲೇ ಕೂರಬೇಕು, ಬೇರೆಲ್ಲೂ ಕೂಡದು. 2022ರಲ್ಲಿ ಹೈಕೋರ್ಟೂ ಹಾಗೇ ಅಂದಿತು. ಟ್ರಾಫಿಕ್ಕಿನ ಕಷ್ಟ ನನಗೂ ಗೊತ್ತು. ಆದರೂ ಬಾಯಿ ಬಿಟ್ಟವರನ್ನು ಹಿಡಿದು ಹಾಕುತ್ತಿದ್ದ ಜಾಗಕ್ಕೇ ಇವತ್ತು ಬಾಯಿ ಬಿಡಬೇಕಾದವರು ತಾವಾಗಿ ನಡೆದು ಬರಬೇಕು. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ದೂರದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿಗೆ ಬಂದು ಇಲ್ಲೇ ಚೀಲ ತಲೆಗಿಟ್ಟುಕೊಂಡು ಮಲಗುತ್ತಾರೆ. ಒಂದು ಬೆಳಿಗ್ಗೆ ನಿಮ್ಮ ಕಡೆಯವಳೊಬ್ಬಳು ಮಾತಿಗೆ ಸಿಕ್ಕಳು. "ಘೋಷಣೆ ಕೂಗೂದು ಯಾರ ಕಿವಿಗೆ ಬೀಳ್ತದ್ರೋ, ಮರಕ್ಕೋ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಫ್ಲಾಸ್ಕಿನ ಕಾಫಿ ಇತ್ತು. ಕೊಟ್ಟೆ. ಸಕ್ಕರೆ ಇಲ್ಲ ಅಂತ ಮುಖ ಕಿವಿಚಿದಳು.

ಅವಳ ಕೈಯಲ್ಲಿ ಕರಪತ್ರದ ಕಟ್ಟು. ಒಂದು ಇಸಿದುಕೊಂಡೆ. ಕಂಪ್ಯೂಟರಿನಲ್ಲಿ ಮಾಡಿದ್ದು, ಸಾಲಿಗೆರಡು ತಪ್ಪು, ಒತ್ತಕ್ಷರವೆಲ್ಲ ಜಾರಿವೆ. ಅಪ್ಪ ಇದ್ದಿದ್ದರೆ ಕನ್ನಡಕ ಮೂಗಿನ ತುದಿಗೆ ಇಳಿಸಿ ತಿದ್ದಲು ಕೂರುತ್ತಿದ್ದ. ನಾನೇ ಪೆನ್ನು ತೆಗೆದು ತಿದ್ದಿಕೊಟ್ಟೆ. ಮುಂದಿನ ಸಲ ಸರಿಯಾಗಿ ಹಾಕಿಸುತ್ತೇವೆ ಅಂದಳು.

ಕಾರ್ತಿಕದ ಕಡೆಯ ಸೋಮವಾರ ಪರಿಷೆಗೆ ಬಾ. ಬಸವನಗುಡಿಯಲ್ಲಿ ಕಡಲೆಕಾಯಿ ಕೊಂಡು, ಮಾರನೆಯ ಬೆಳಿಗ್ಗೆ ಜೈಲಿಗೆ ಹೋಗೋಣ. ಮಂಡಿನೋವು ಅಂತ ನೆವ ಹೇಳಬೇಡ, ಕೂರಲು ಕಲ್ಲಿನ ಕಟ್ಟೆ ಇದೆ. ಗೋಡೆಗೆ ಬೆರಳು ಎಳೆಯಬಹುದು, ಯಾರೂ ಬೈಯುವುದಿಲ್ಲ.

ಲಕೋಟೆಯಲ್ಲಿ ಒಂದು ಎಲೆ ಮಡಿಸಿ ಇಟ್ಟಿದ್ದೇನೆ. ನಾನು ದಿನಾ ಕೂರುವ ಮರದ್ದು. ಪೇಟೆಯವನಿಗೆ ಮರದ ಹೆಸರು ಹೇಗೆ ಗೊತ್ತಾಗಬೇಕು? ವಾಕಿಂಗಿನವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬಾಡುವ ಮೊದಲು ತಲುಪಿದರೆ ನೋಡಿ, ಯಾವ ಮರ ಅಂತ ಬರೆ.

ಇತಿ,
ನಿನ್ನ ತಮ್ಮ