ಪವಾಡವೂ ರಕ್ಷಣೆಯೂ

ವರದಾ ನದಿಯು ಹುಟ್ಟುವ ವರದಮೂಲವು ಸಾಗರಕ್ಕೂ ಇಕ್ಕೇರಿಗೂ ಸಮೀಪದ ತೀರ್ಥಸ್ಥಳ. ಇಲ್ಲಿ ಮಿಂದವರು ಮೈಯ ಕೊಳೆಯೊಡನೆ ಪಾಪವನ್ನೂ ಕಳೆದುಕೊಳ್ಳುವರೆಂಬುದು ನಮ್ಮ ಹಿರಿಯರ ನಂಬುಗೆ. ಈ ಸೀಮೆಯಲ್ಲಿ ಬೆಳೆದವನಿಗೆ ಕ್ರೈಸ್ತರ ಸುವಾರ್ತೆಗಳಲ್ಲಿನ ನೀರಿನ ಕಥೆಗಳು ಪರಕೀಯವೆನಿಸುವುದಿಲ್ಲ. ಯೇಸುಸ್ವಾಮಿಯು ಹುಟ್ಟುಗುರುಡನೊಬ್ಬನ ಕಣ್ಣಿಗೆ ಕೆಸರನ್ನು ಹಚ್ಚಿ, ಸಿಲೋವದ ಕೊಳದಲ್ಲಿ ತೊಳೆದುಕೊಳ್ಳೆಂದು ಕಳುಹಿಸಿದನೆಂದೂ, ಅವನು ಕಣ್ಣುಳ್ಳವನಾಗಿ ಹಿಂದಿರುಗಿದನೆಂದೂ ಯೋಹಾನನು ಬರೆದಿರುವನು. ಆ ಕೊಳದವೆಂದು ವಿದ್ವಾಂಸರು ಗುರುತಿಸಿರುವ ಮೆಟ್ಟಿಲುಗಳು ೨೦೦೪ರಲ್ಲಿ ಯೆರೂಸಲೇಮಿನಲ್ಲಿ ಬೆಳಕಿಗೆ ಬಂದುವು. ಈ ಕಥೆಗಳು ನಮ್ಮ ನುಡಿಗೂ ಹೊಸವಲ್ಲ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಪಂಡಿತರು, ತಮ್ಮ ನಿಘಂಟು ೧೮೯೪ರಲ್ಲಿ ಹೊರಬರುವುದಕ್ಕೆ ಬಹು ಮೊದಲೇ, ೧೮೬೨ರಲ್ಲಿ, ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯೆಂಬ ಹೆಸರಿನಿಂದ ಕನ್ನಡ ಛಂದಸ್ಸಿನಲ್ಲಿ ರಚಿಸಿದರು.

ಪವಾಡವೆಂದೊಡನೆ ಜನರು ಬೆರಗನ್ನೇ ನೆನೆಯುವರು. ಯೋಹಾನನಾದರೋ ಇವುಗಳಿಗೆ ಬಳಸಿದ ಗ್ರೀಕ್ ಪದದ ಅರ್ಥವು ‘ಗುರುತು’ ಎಂದು. ದಾರಿಗಲ್ಲು ಊರನ್ನು ತೋರುವುದೇ ಹೊರತು ತಾನೇ ಊರಲ್ಲ. ಲೂಕನ ಹದಿನೇಳನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆಯಿದೆ. ಹತ್ತು ಮಂದಿಯೂ ಶುದ್ಧರಾದರು. ಕೃತಜ್ಞತೆಯಿಂದ ಹಿಂದಿರುಗಿದವನು ಒಬ್ಬನೇ, ಅವನೂ ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ಅವನೊಬ್ಬನಿಗೆ ಸ್ವಾಮಿಯು ಹೇಳಿದ ಮಾತಿನಲ್ಲಿರುವ ಗ್ರೀಕ್ ಪದಕ್ಕೆ ಗುಣವಾಗುವುದು, ರಕ್ಷಣೆ ಹೊಂದುವುದು ಎಂಬ ಎರಡರ್ಥಗಳೂ ಉಂಟು. ಪವಾಡವು ಹತ್ತು ಮಂದಿಗೆ ದೊರೆಯಿತು. ರಕ್ಷಣೆಯ ಮಾತು ಒಬ್ಬನಿಗೆ.

ಈ ಭೇದವನ್ನು ನನಗೆ ಮನಗಾಣಿಸಿದವರು ಪಂಡಿತರಲ್ಲ. ಘಟ್ಟದ ಕೆಳಗಿನಿಂದ ಬಂದು ನಮ್ಮ ನೆರೆಯಲ್ಲಿ ನೆಲಸಿದ್ದ ಒಬ್ಬ ಕ್ರೈಸ್ತ ವೃದ್ಧೆ. ಒಂದು ಮಳೆಗಾಲದಲ್ಲಿ ನನ್ನ ತಂಗಿಯೂ ಆಕೆಯ ಮಗನೂ ವಿಷಮಶೀತಜ್ವರದಿಂದ ಮಲಗಿದರು. ನಮ್ಮ ಮನೆಯಲ್ಲಿ ಹರಕೆ, ಅವರ ಮನೆಯಲ್ಲಿ ಜಪಮಾಲೆ. ಔಷಧವು ಎರಡು ಮನೆಗೂ ಒಂದೇ. ನನ್ನ ತಂಗಿ ಎದ್ದು ಕುಳಿತಳು. ಆ ಮಗನು ಏಳಲಿಲ್ಲ. ಆದರೂ ಆಕೆ ಭಾನುವಾರದ ಪೂಜೆಯನ್ನು ಬಿಡಲಿಲ್ಲ. ತಿಂಗಳುಗಳು ಕಳೆದ ಮೇಲೆ, “ಲಾಜರನನ್ನು ಸಮಾಧಿಯಿಂದ ಎಬ್ಬಿಸಿದ ದೇವರು ನಿಮ್ಮ ಮಗನನ್ನು ಏಕೆ ಉಳಿಸಲಿಲ್ಲ, ಅಮ್ಮಾ?” ಎಂದು ಕೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಲಾಜರನೂ ಆಮೇಲೆ ಸತ್ತನಲ್ಲವೇ, ಮಗಾ? ಮತ್ತೆ ಸಾಯುವುದಕ್ಕೆ ಎಬ್ಬಿಸಿದ್ದೇ ದೊಡ್ಡದಾದರೆ ನಾನು ಯಾವುದನ್ನು ನಂಬಿ ಬದುಕಲಿ?” ಎಂದರು. ಅದನ್ನು ಹೇಳುವಾಗ ಆಕೆಯ ಕಣ್ಣು ಒಣಗಿರಲಿಲ್ಲ.

ಪವಾಡವು ಮರಣವನ್ನು ಮುಂದಕ್ಕೆ ತಳ್ಳಬಲ್ಲದು, ಇಲ್ಲವಾಗಿಸದು. ಕ್ರೈಸ್ತಶಾಸ್ತ್ರವೂ ದೊರೆಯದ ಪವಾಡಗಳನ್ನು ಮರೆಮಾಡಿಲ್ಲ. ಗೆತ್ಸೆಮನೆಯ ತೋಟದಲ್ಲಿ ಯೇಸುವು ತೊಲಗಲೆಂದು ಬೇಡಿದ ಪಾತ್ರೆಯು ತೊಲಗಲಿಲ್ಲ. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದನು. ಅದು ಹೋಗಲಿಲ್ಲ, ಕೃಪೆಯೇ ಸಾಕೆಂಬ ಉತ್ತರ ಬಂದಿತು. ಶಿಲುಬೆಯಿಂದ ಇಳಿದುಬರುವ ಪವಾಡವನ್ನು ನೆರೆದ ಜನರು ಕೇಳಿದರು. ರಕ್ಷಣೆಯು ಇಳಿಯದೆ ಉಳಿದುದರಲ್ಲಿದೆಯೆಂದು ಆ ಮತದವರು ನಂಬುವರು.

ನಮ್ಮಲ್ಲಿ ಮುಕ್ತಿಯೆಂದರೆ ಜನ್ಮಬಂಧದಿಂದ ಬಿಡುಗಡೆ. ಅವರಲ್ಲಿ ರಕ್ಷಣೆಯೆಂದರೆ ಪಾಪಮರಣಗಳಿಂದ ಬಿಡುಗಡೆಹೊಂದಿ ದೇವರೊಡನೆ ಬಾಳುವುದು. ಎರಡೂ ಒಂದೇ ಎಂಬ ಸುಲಭದ ಮಾತನ್ನು ನಾನು ಆಡಲಾರೆನು. ಆದರೆ ವರದೆಯೆಂದರೆ ವರವನ್ನು ಕೊಡುವವಳು. ಯಾವ ವರವನ್ನು ಬೇಡಬೇಕೆಂಬ ಪ್ರಶ್ನೆಯು ಎಲ್ಲ ಮತದವರಿಗೂ ಸಮಾನ. ಜ್ವರವಿಳಿಯಲೆಂದು ಬೇಡುವುದು ಮನುಷ್ಯಸಹಜ. ಇಳಿಯದೆ ಹೋದ ಮೇಲೂ ಬೇಡುವುದಕ್ಕೆ ಒಂದು ವರವು ಉಳಿದಿರುವುದೆಂದು ಬಲ್ಲವರೇ ಭಕ್ತರು.