ತರಗೆಲೆಯ ಕೆಳಗಿನ ಜೀವಿ

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ಸಾಗಿದರೆ ಖಾನಾಪುರ. ಅಲ್ಲಿಂದ ಪಡುವಣಕ್ಕೆ ತಿರುಗಿ, ಜಾಂಬೋಟಿಯನ್ನು ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯತ್ತ ಹೋದಂತೆಲ್ಲ ಸಹ್ಯಾದ್ರಿಯ ಕಾಡು ದಟ್ಟವಾಗುತ್ತದೆ. ಈ ಕಾಡಿಗೆ ಬಂದವರು ತಲೆಯೆತ್ತಿ ಮರಗಳನ್ನು ನೋಡುವರು. ಬಗ್ಗಿ ತರಗೆಲೆಯನ್ನು ನೋಡುವವರು ವಿರಳ.

ಆದರೆ ಕಾಡಿನ ಬಾಳೆಲ್ಲ ನಿಂತಿರುವುದು ಆ ತರಗೆಲೆಯ ಮೇಲೆಯೇ. ಉದುರಿದ ಎಲೆ ಕೊಳೆತು ಮಣ್ಣಾದರೆ ಮಾತ್ರ ಮರಕ್ಕೆ ಮತ್ತೆ ಆಹಾರ ದೊರೆಯುವುದು. ಮಳೆಯ ನೀರನ್ನು ಹೀರಿ ಹಿಡಿದು, ಮೆಲ್ಲನೆ ತೊರೆಗಳಿಗೆ ಬಿಡುವುದೂ ಈ ಹಾಸಿಗೆಯೇ. ಎಲೆಯನ್ನು ಕೊಳೆಯಿಸುವ ಶಿಲೀಂಧ್ರ, ಅದನ್ನು ಮೇಯುವ ಹುಳು, ಆ ಹುಳುವನ್ನು ತಿನ್ನುವ ಜೀರುಂಡೆ, ಎಲ್ಲಕ್ಕೂ ಅದೇ ಮನೆ. ಇಂಥ ಜೀರುಂಡೆಗಳಲ್ಲಿ ಹಲವು ಸಾಸಿವೆ ಕಾಳಿಗಿಂತ ಚಿಕ್ಕವು. ಶಿಲೀಂಧ್ರವನ್ನು ತಿಂದು ಬದುಕುವ ಒಂದು ಜೀರುಂಡೆಯ ಉದ್ದವನ್ನು 2015ರಲ್ಲಿ ರಷ್ಯದ ವಿಜ್ಞಾನಿ ಅಲೆಕ್ಸಿ ಪೊಲಿಲೊವ್ ಅಳೆದಾಗ, ಅದು ಕೇವಲ 0.325 ಮಿಲಿಮೀಟರು ಇತ್ತು. ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ದೊರೆತ ಆ ಪುಟ್ಟ ದೇಹದೊಳಗೂ ಕಣ್ಣು, ಕಾಲು, ರೆಕ್ಕೆ, ಮಿದುಳು ಎಲ್ಲವೂ ಉಂಟು!

ಇಂಥ ಜೀವಿಯನ್ನು ಹಿಡಿಯುವ ಉಪಾಯ ಸರಳವಾದುದು. ತರಗೆಲೆಯನ್ನು ಜರಡಿಯಾಡಿ, ಜಾಲರಿಯಿಟ್ಟ ಆಲಿಕೆಯಲ್ಲಿ ತುಂಬಿ, ಮೇಲೆ ದೀಪವಿಡುವರು. ಎಲೆ ಒಣಗಿದಂತೆ ಹುಳುಗಳು ತಂಪನ್ನು ಅರಸಿ ಕೆಳಗಿಳಿದು, ಸೀಸೆಯಲ್ಲಿರುವ ಮದ್ಯಸಾರಕ್ಕೆ ಬೀಳುವುವು. ಕಷ್ಟವೆಲ್ಲ ಆಮೇಲಿನದು. ಸೂಕ್ಷ್ಮದರ್ಶಕದ ಕೆಳಗೆ ಮೀಸೆಯ ಗೆಣ್ಣುಗಳನ್ನು ಎಣಿಸಬೇಕು. ಮೇಲ್‌ರೆಕ್ಕೆಯ ಗೆರೆ, ಚುಕ್ಕೆ, ರೋಮಗಳನ್ನು ಗುರುತಿಸಬೇಕು. ಈಗಾಗಲೇ ಹೆಸರು ಪಡೆದಿರುವ ಅದರ ನಂಟರೊಡನೆಲ್ಲ ಹೋಲಿಸಿ ನೋಡಬೇಕು. ಯಾವುದಕ್ಕೂ ಹೊಂದದಿದ್ದರೆ ಮಾತ್ರ ಅದು ಹೊಸ ಪ್ರಭೇದ. ಆಗ ಒಂದು ಮಾದರಿಯನ್ನು ಶಾಶ್ವತ ಸಾಕ್ಷಿಯಾಗಿ ಸಂಗ್ರಹಾಲಯದಲ್ಲಿ ಇರಿಸಿ, ವರ್ಣನೆಯನ್ನು ಹೆಸರಿನೊಂದಿಗೆ ಪ್ರಕಟಿಸುವರು. ಪ್ರಾಣಿಗಳಿಗೆ ಹೀಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ಸ್ವೀಡನ್ನಿನ ಲಿನೇಯಸ್ 1758ರ ತನ್ನ ಗ್ರಂಥದಲ್ಲಿ ನೆಲೆಗೊಳಿಸಿದನು.

ಬೆಳಗಾವಿಗೂ ಈ ಶಾಸ್ತ್ರಕ್ಕೂ ಹಳೆಯ ನಂಟಿದೆ. ಬ್ರಿಟಿಷರ ಕಾಲದಲ್ಲಿ ಅರಣ್ಯಾಧಿಕಾರಿಯಾಗಿದ್ದ ಹರ್ಬರ್ಟ್ ಎಡ್ವರ್ಡ್ ಆಂಡ್ರ್ಯೂಸ್ ಅವರು ಇಲ್ಲಿ ಜೀರುಂಡೆಗಳನ್ನು ಸಂಗ್ರಹಿಸಿದರು. ನೆಲದ ಮೇಲೆ, ಕಲ್ಲು ತರಗೆಲೆಗಳ ಅಡಿಯಲ್ಲಿ ಬೇಟೆಯಾಡುವ ಜೀರುಂಡೆಗಳನ್ನು ಕುರಿತು ಅವರು ಬರೆದ ಎರಡು ಸಂಪುಟಗಳು 1929 ಮತ್ತು 1935ರಲ್ಲಿ ಹೊರಬಂದವು. ಅವರ ಸಂಗ್ರಹ ಇಂದು ಲಂಡನ್ನಿನ ಸಂಗ್ರಹಾಲಯದಲ್ಲಿದೆ. ಆ ಕಾಲದ ಅನೇಕ ಕೀಟಗಳ ಚೀಟಿಗಳಲ್ಲಿ ಸ್ಥಳದ ಗುರುತಾಗಿ ಇರುವುದು ‘ಬೆಲ್ಗಾಮ್’ ಎಂಬ ಒಂದೇ ಪದ. ಯಾವ ಕಾಡು, ಯಾವ ತೊರೆಯ ದಂಡೆ? ಚೀಟಿ ಉತ್ತರಿಸದು. ಆದುದರಿಂದಲೇ ಇಂದಿನ ಸಂಶೋಧಕರು ಸ್ಥಳ, ಎತ್ತರ, ದಿನಾಂಕಗಳನ್ನು ತಪ್ಪದೆ ಬರೆದಿಡುತ್ತಾರೆ.

ಕಣ್ಣಿಗೇ ಕಾಣದ ಹುಳುವಿಗೆ ಹೆಸರಿಟ್ಟು ಆಗುವ ಲಾಭವೇನು ಎಂದು ಕೇಳುವವರುಂಟು. ಇದಕ್ಕೆ ಖಾನಾಪುರದ ಕಾಡಿನ ಒಂದು ಬಾವಲಿಯೇ ಉತ್ತರ ಹೇಳುತ್ತದೆ. ಬಾರಾಪೇಡೆ ಗುಹೆಯ ಆ ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅವರು ಹೊಸ ಪ್ರಭೇದವೆಂದು ವರ್ಣಿಸಿ, ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರನ್ನು ಅದಕ್ಕೆ ಇಟ್ಟರು. ಹಲವು ದಶಕಗಳ ಕಾಲ ಜಗತ್ತಿಗೆ ಅದರ ನೆಲೆಯೆಂದು ತಿಳಿದಿದ್ದುದು ಆ ಗುಹೆಯೊಂದೇ. ಸುತ್ತಲಿನ ಕಾಡನ್ನು ಉಳಿಸಬೇಕೆಂದು ವಾದಿಸಿದವರಿಗೆ ಆ ಹೆಸರು ಬಲವಾದ ಆಧಾರವಾಯಿತು. 2011ರಲ್ಲಿ ಭೀಮಗಡ ವನ್ಯಜೀವಿಧಾಮ ರೂಪುಗೊಂಡಿತು. ಬಾವಲಿಗೆ ಹೆಸರಿಲ್ಲದಿದ್ದರೆ ಅದರ ಪರವಾಗಿ ಯಾರು ಏನೆಂದು ಮಾತನಾಡಬಹುದಿತ್ತು?

ಜೀರುಂಡೆಯ ಸ್ಥಿತಿ ಇನ್ನೂ ಕಠಿನ. ಬೇಸಗೆಯಲ್ಲಿ ಯಾರೋ ಹಚ್ಚಿದ ಕಿಚ್ಚು ತರಗೆಲೆಯ ಮೇಲೆ ಹರಿದುಹೋದಾಗ ಮರಗಳು ನಿಂತೇ ಇರುವುವು. ಕಾಡು ಉಳಿಯಿತೆಂದೇ ಜನ ತಿಳಿಯುವರು. ಕೆಳಗೆ ಸುಟ್ಟುಹೋದುದಕ್ಕೆ ಹೆಸರಿಲ್ಲದಿದ್ದರೆ ಅದು ನಷ್ಟದ ಲೆಕ್ಕಕ್ಕೂ ಬಾರದು. ಅಂಥ ಜೀವಿಯನ್ನು ತಾಳ್ಮೆಯಿಂದ ನೋಡಿ, ಇದೂ ಒಂದು ಬಾಳು ಎಂದು ಬರೆದಿಡುವವನು ಅದನ್ನು ಆ ಲೆಕ್ಕದೊಳಕ್ಕೆ ತರುತ್ತಾನೆ. ಈ ಕಣ್ಣನ್ನು ರೂಢಿಸಿಕೊಳ್ಳಲು ದೂರದ ಕಾಡಿಗೇ ಹೋಗಬೇಕಾಗಿಲ್ಲ. ಶಾಲೆಯ ಹಿತ್ತಲಿನ ಮಾವಿನ ಮರದ ಬುಡದಲ್ಲೂ ತರಗೆಲೆ ಬಿದ್ದಿರುತ್ತದೆ.