ಐದನೆಯವರ ಮಾತು

ಮಳಖೇಡ, ಸೇಡಂ ಕಡೆ ತೊಗರಿ ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಹರವಿ ನೋಡಿ, ತೇವವಿದ್ದರೆ ರೈತನೆದುರಿಗೇ ಹೇಳುತ್ತಾನೆ. ಸರ್ವೋಚ್ಚ ನ್ಯಾಯಾಲಯದ ಪೀಠಕ್ಕೆ ಯೋಗ್ಯರನ್ನು ತೂಗುವ ಕಾರ್ಯ ಮಾತ್ರ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ತೂಗುವವರು ಐವರು: ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಹಿರಿಯ ನ್ಯಾಯಮೂರ್ತಿಗಳು.

2025ರ ಆಗಸ್ಟ್ 25ರಂದು ಈ ಕೊಲಿಜಿಯಂ, ಪಾಟ್ನಾ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ವಿಪುಲ್ ಪಾಂಚೋಲಿಯವರ ಹೆಸರನ್ನು ಶಿಫಾರಸು ಮಾಡಿತು. ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ (1989ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಪುತ್ರಿ) ಒಬ್ಬರೇ ಅದಕ್ಕೆ ಒಪ್ಪಲಿಲ್ಲ. ಪಾಂಚೋಲಿಯವರು ಸೇವಾಜ್ಯೇಷ್ಠತೆಯಲ್ಲಿ 57ನೆಯವರು, ಗುಜರಾತಿಗೆ ಆಗಲೇ ಪ್ರಾತಿನಿಧ್ಯವಿದೆ ಎಂಬುದು ಆಕ್ಷೇಪಣೆಯ ಸಾರವೆಂದು ಪತ್ರಿಕೆಗಳು ವರದಿ ಮಾಡಿದವು. ಪ್ರಕಟವಾದ ನಿರ್ಣಯದಲ್ಲಿ ಭಿನ್ನಮತದ ಸುಳಿವೇ ಇರಲಿಲ್ಲ. ನಾಲ್ಕು ದಿನಗಳಲ್ಲಿ ಪ್ರಮಾಣವಚನವೂ ಮುಗಿಯಿತು.

ಕಾರಣಗಳನ್ನು ಬಯಲಿಗಿಟ್ಟರೆ ಆಯ್ಕೆಯಾಗದವರ ಮಾನಕ್ಕೆ ಕುಂದೆಂಬ ವಾದವುಂಟು. ಅದು ಹಗುರವಾದ ಮಾತಲ್ಲ. ಪರನಿಂದೆಯ ದೋಷವನ್ನು ಶ್ರಾವಕರು ಬಲ್ಲರು. ಆದರೆ ಜ್ಯೇಷ್ಠತೆ, ಪ್ರಾಂತಗಳನ್ನು ಹೇಳಿದರೆ ಯಾರ ನಿಂದೆಯಾದೀತು? ನಾಲ್ವರ ನಿರ್ಣಯವೇ ಸರಿಯಿದ್ದಿರಬಹುದು. 56 ಮಂದಿಯನ್ನು ದಾಟಿಸುವಂತಹ ಗುಣವನ್ನು ಅವರು ಕಂಡಿದ್ದಿರಲೂಬಹುದು. ಅದು ಯಾವುದೆಂಬುದೂ ಅದೇ ಕೋಣೆಯಲ್ಲಿ ಉಳಿಯಿತು.